ಗೂಟದ ಟಗರು, ಮುಲ್ಲಾನ ಚೂರಿ

ಜುಮಾ ನಮಾಜಿನ ನಂತರ ಮಸೀದಿಯ ಮೆಟ್ಟಿಲ ಬಳಿ ಒಬ್ಬ ಯುವಕರು ನಮ್ಮನ್ನು ತಡೆದು ಕೇಳಿದರು: "ಹಜ್ರತ್, ಮೊಬೈಲಿನಲ್ಲಿ ಹಣ ಕಳಿಸಿದರೆ ಬೇರೆ ರಾಜ್ಯದಲ್ಲಿ ನಮ್ಮ ಹೆಸರಿನಲ್ಲಿ ಕುರ್ಬಾನಿ ಮಾಡಿ ಫೋಟೋ ಕಳಿಸುತ್ತಾರಂತೆ. ಮನೆಯಲ್ಲಿ ಕುರಿ ಕಟ್ಟುವ ತಾಪತ್ರಯ ಇರುವುದಿಲ್ಲ. ಆಗುತ್ತದೆಯೇ?" ಮಸ್ಅಲೆ ಕೇಳಿದರೆ ಉತ್ತರ ಒಂದು ಸಾಲಿನದು: ನಂಬಿಕಸ್ಥರಿಗೆ ವಕಾಲತ್ತು ಕೊಟ್ಟರೆ ಕುರ್ಬಾನಿ ಆಗುತ್ತದೆ. ಆದರೆ ಅವರು ಕೇಳಿದ ರೀತಿಯಲ್ಲಿ ಮಸ್ಅಲೆಗಿಂತ ಹೆಚ್ಚಿನದೇನೋ ಇತ್ತು. ಅವರ ಅಜ್ಜ ಇದೇ ಸೀಮೆಯಲ್ಲಿ ಕುರಿ ಕಟ್ಟಿ ಸಾಕಿದವರು. ಮೊಮ್ಮಗನಿಗೆ ಅದು ಈಗ 'ತಾಪತ್ರಯ'. ಎರಡು ತಲೆಮಾರಿನಲ್ಲಿ ಏನಾಯಿತು ಎಂಬುದನ್ನು ಖುತ್ಬಾದ ಇಪ್ಪತ್ತು ನಿಮಿಷದಲ್ಲಿ ಹೇಳಲು ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ರಾಜಾನುಕುಂಟೆಯ ಸುತ್ತ ನೋಡಿದರೆ ಸೋಜಿಗವೇ. ಇಲ್ಲೇ ಹಾಲು ಮಹಾಮಂಡಳಿಯ ಪಶು ಆಹಾರ ಕಾರ್ಖಾನೆ ಇದೆ. ಹೆಸರಘಟ್ಟದ ಕಡೆ ಹೋದರೆ ದನ, ಕೋಳಿಗಳ ತಳಿ ಬೆಳೆಸುವ ಸರ್ಕಾರಿ ಕೇಂದ್ರಗಳು. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಇಡೀ ದೇಶದ ಜಾನುವಾರು ರೋಗಗಳ ಲೆಕ್ಕವಿಡುವ ನಿವೇದಿ ಸಂಸ್ಥೆ. ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು. ಇಷ್ಟೆಲ್ಲದರ ನಡುವೆ ಬೆಳೆದ ನಮ್ಮ ಲೇಔಟಿನ ಮಕ್ಕಳಿಗೆ ಕುರಿ ಮೆಲುಕು ಹಾಕುತ್ತದೆ ಎಂಬುದು ಬಕ್ರೀದಿನ ಹಿಂದಿನ ದಿನ ಗೊತ್ತಾಗುತ್ತದೆ!

ಮನೆಯಲ್ಲಿ ಸಾಕಿ, ಮನೆಯಲ್ಲೇ ಕೊಯ್ದು, ನೆಂಟರಿಗೆ ನೆರೆಯವರಿಗೆ ಹಂಚುವುದು ದೀನಿನಲ್ಲಿ ಹಳೆಯ ಪದ್ಧತಿ. ಇಬ್ರಾಹೀಮ್(ಅ)ರ ಮನೆಗೆ ಅಪರಿಚಿತ ಅತಿಥಿಗಳು ಬಂದಾಗ ಅವರು ಸದ್ದಿಲ್ಲದೆ ಮನೆಯೊಳಗೆ ಹೋಗಿ, ಕೊಬ್ಬಿದ ಕರುವನ್ನು ಸುಟ್ಟು ತಂದಿಟ್ಟರೆಂದು ಕುರ್‌ಆನ್ ತಿಳಿಸುತ್ತದೆ. ಮನೆಯಲ್ಲಿ ಸಾಕಿದ್ದು ಇದ್ದವರಿಂದ ಮಾತ್ರ ಆಗುವ ಮಾತು ಅದು. ಪ್ರವಾದಿ ಮುಹಮ್ಮದ್(ಸ) ಬಾಲ್ಯದಲ್ಲಿ ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾದವರು. ಕುರಿ ಕಾಯದ ಪ್ರವಾದಿಯೇ ಇಲ್ಲವೆಂದು ಅವರೇ ಹೇಳಿದ ಹದೀಸು ಬುಖಾರಿಯಲ್ಲಿದೆ. ಉಮ್ಮು ಹಾನಿ(ರ) ಅವರಿಗೆ ಕುರಿ ಸಾಕಲು ಹೇಳಿ, ಅದರಲ್ಲಿ ಬರಕತ್ ಇದೆಯೆಂದರು. ಮದೀನಾದಲ್ಲಿ ಸಹಾಬಿಗಳು ಕುರ್ಬಾನಿಯ ಪ್ರಾಣಿಯನ್ನು ಮೊದಲೇ ತಂದು ಮೇಯಿಸಿ ಕೊಬ್ಬಿಸುತ್ತಿದ್ದರೆಂಬ ವರದಿಯೂ ಇದೆ. ಹಬ್ಬದ ಹಿಂದಿನ ರಾತ್ರಿ ಮೈದಾನಕ್ಕೆ ಓಡುವ ನಮ್ಮ ಪದ್ಧತಿ ಅವರದಾಗಿರಲಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ದೊಡ್ಡಬಳ್ಳಾಪುರ 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕೈಸೇರಿತು. 1687ರಲ್ಲಿ ಮೊಗಲರು ಶಿರಾವನ್ನು ಸುಬಾದ ರಾಜಧಾನಿ ಮಾಡಿಕೊಂಡ ಮೇಲೆ ಬಳ್ಳಾಪುರ ಅದರ ಜಾಗೀರಾಯಿತು. ಹೈದರಲಿಯ ತಂದೆ ಫತೇ ಮುಹಮ್ಮದ್ ಚಾಕರಿ ಮಾಡಿದ್ದು ಈ ಶಿರಾ–ಬಳ್ಳಾಪುರ ಸೀಮೆಯಲ್ಲೇ. ಟಿಪ್ಪು ಹುಟ್ಟಿದ ದೇವನಹಳ್ಳಿ ನಮ್ಮಿಂದ ದೂರವೇನಲ್ಲ. ಸೈನ್ಯದ ಜೊತೆ ಬಂದ ಕುಟುಂಬಗಳು ಕೋಟೆಗಳ ಸುತ್ತ ನೆಲೆಸಿದವು. ಮೈಸೂರು ಅರಸರ 'ಬೆಣ್ಣೆ ಚಾವಡಿ'ಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟು, ಆ ಎತ್ತುಗಳನ್ನು ಫಿರಂಗಿ ಎಳೆಯಲು ಸಾಕಿಸಿದ್ದು ಎಲ್ಲರೂ ಬಲ್ಲ ವಿಷಯ. ಅದು ಅರಮನೆಯ ದನ, ಯುದ್ಧದ ದನ. ಸಿಪಾಯಿಯ ಮನೆಯ ಒಲೆಯ ಮೇಲೆ ಬೆಂದದ್ದು ಕುರುಬರ ರೊಪ್ಪದ ಕುರಿ. ಚರಿತ್ರೆಯ ಪುಸ್ತಕಗಳು ಅಮೃತಮಹಲಿನ ಬಗ್ಗೆ ಪುಟಗಟ್ಟಲೆ ಬರೆದಿವೆ. ರೊಪ್ಪದ ಕುರಿಗೆ ಸಿಕ್ಕಿದ್ದು ಕೆಲವೇ ಸಾಲು. 1800ರಲ್ಲಿ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ ದೊಡ್ಡಬಳ್ಳಾಪುರದ ಮೇಲೆ ಹಾದು ಶಿರಾಕ್ಕೆ ಹೋದಾಗ ಆ ಕಡೆಯ ಕುರುಬರು, ಅವರ ಕುರಿ ಮೇಕೆಗಳ ಬಗ್ಗೆ ಬರೆದಿಟ್ಟ. ಅಷ್ಟಾದರೂ ಉಳಿಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಸಿಪಾಯಿ ಮನೆತನಗಳಿಗೆ ಸಂಬಳ ನಿಂತಿತು. ನೆಲವಿಲ್ಲದವರು ಗಾಡಿ ಹೊಡೆದರು, ರೇಷ್ಮೆ ಬಿಚ್ಚಿದರು, ಸಂತೆಗೆ ಹೋಗಿ ಕುರಿ ಕೊಂಡರು. ಕುರಿ ವ್ಯಾಪಾರಕ್ಕೆ ಜಮೀನು ಬೇಡ, ನಡೆಯುವ ಕಾಲು ಮತ್ತು ನಂಬಿಗಸ್ಥ ಕುರುಬ ಬೇಕು. ಹೊಲದಲ್ಲಿ ಮಂದೆ ಬಿಡಿಸಿ ಗೊಬ್ಬರ ಮಾಡಿಸಿಕೊಳ್ಳುವ ಒಕ್ಕಲಿಗ, ಮಂದೆ ಕಾಯುವ ಕುರುಬ, ಮರಿ ಕೊಳ್ಳುವ ಸಾಬಿ, ಮೂವರೂ ಒಂದೇ ಕುರಿಯ ಸುತ್ತ ಬದುಕಿದವರು. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಒಂದು ಹೆಣ್ಣುಕುರಿ ಕೊಂಡು ಕುರುಬರ ಮಂದೆಗೆ 'ಪಾಲಿಗೆ' ಬಿಡುತ್ತಿದ್ದರು. ಹುಟ್ಟಿದ ಮರಿಗಳಲ್ಲಿ ಅರ್ಧ ಸಾಕಿದವನಿಗೆ, ಅರ್ಧ ಒಡೆಯನಿಗೆ. ಇಲ್ಲೊಂದು ಮಾತು ಹೇಳಿಬಿಡಬೇಕು. ನಮ್ಮ ಹನಫಿ ಫಿಕ್ಹಿನಲ್ಲಿ ಈ ಕರಾರು ಇದ್ದ ಹಾಗೆಯೇ ಸರಿಯಲ್ಲ. ಹುಟ್ಟಲಿರುವ ಮರಿಯನ್ನು ಕೂಲಿಯಾಗಿ ಗೊತ್ತು ಮಾಡುವಂತಿಲ್ಲ. ಅದಕ್ಕೆ ಉಲಮಾಗಳು ತೋರಿಸಿದ ದಾರಿ ಸುಲಭದ್ದು. ತಾಯಿಕುರಿಯ ಅರ್ಧ ಪಾಲನ್ನೇ ಸಾಕುವವನಿಗೆ ಬೆಲೆ ಕಟ್ಟಿ ಮಾರಿಬಿಡುವುದು. ಆಗ ಕುರಿ ಇಬ್ಬರದು, ಮರಿಯೂ ಇಬ್ಬರದು. ಈಗಲೂ ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆ ಪಾಲಿಗೆ ಬಿಟ್ಟವರು ಇದನ್ನು ಸರಿಪಡಿಸಿಕೊಳ್ಳಲಿ.

ಮನೆಗೆ ತಂದ ಮರಿಯನ್ನು ನೋಡಿಕೊಂಡದ್ದು ಹೆಂಗಸರು. ಗಂಡಸರು ಸಂತೆಯ ಬೆಲೆಯ ಬಗ್ಗೆ ಮಾತಾಡಿದ್ದು ಹೆಚ್ಚು, ಬೆಳಗ್ಗೆ ಎದ್ದು ಗಂಜಲ ಬಳಿದದ್ದು ಕಡಿಮೆ. ಹಿತ್ತಲ ಗೂಟಕ್ಕೆ ಕಟ್ಟಿ, ಅವರೆ ಹೊಟ್ಟು, ಕಡಲೆ ಹೊಟ್ಟು, ಹಲಸಿನ ಸೊಪ್ಪು, ಅಗಸೆ ಸೊಪ್ಪು. ಕೊನೆಯ ಎರಡು ತಿಂಗಳು ಬೇಯಿಸಿದ ಹುರುಳಿ, ಒಂದು ಹಿಡಿ ಕಡಲೆಕಾಯಿ ಹಿಂಡಿ. ಹುರುಳಿಕಟ್ಟಿನ ಸಾರು ಮನೆಯವರಿಗೆ, ಕಾಳು ಟಗರಿಗೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಹೆಸರಾದದ್ದೂ ಇಂಥ ಕೈಸಾಕಣೆಯಿಂದ. ಗಿಡ್ಡ ಕಾಲು, ಅಗಲವಾದ ಮೈ, ಮಾಂಸದ ನಡುವೆ ನೆಣ. ಇವತ್ತು ಬಕ್ರೀದ್ ಬಂದರೆ ಬಂಡೂರು ಟಗರಿಗೆ ಲಕ್ಷಗಟ್ಟಲೆ ಕೊಟ್ಟರೆಂದು ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವವರಿದ್ದಾರೆ. ಆ ಹಾರ ಹಾಕಬೇಕಾದದ್ದು ಹುರುಳಿ ಬೇಯಿಸಿದವಳಿಗೆ. ಅಲ್ಲಾಹನಿಗೆ ಮಾಂಸವೂ ರಕ್ತವೂ ತಲಪುವುದಿಲ್ಲ, ತಲಪುವುದು ತಖ್ವಾ ಎಂದು ಸೂರಾ ಹಜ್ಜ್ ಸ್ಪಷ್ಟವಾಗಿ ಹೇಳಿದ ಮೇಲೂ ನಾವು ಬೆಲೆಯನ್ನೇ ತಲಪಿಸಲು ಹೊರಟಿದ್ದೇವೆ.

ಹುರುಳಿಯ ಈ ಗುಟ್ಟನ್ನು ಇಂಗ್ಲಿಷರೂ ಬೇಗ ಕಲಿತರು. 1809ರಲ್ಲಿ ಅವರ ಸೇನೆ ಬೆಂಗಳೂರು ದಂಡಿನಲ್ಲಿ ನೆಲೆಯೂರಿತು. ದಂಡಿನ ಅಧಿಕಾರಿಗಳಿಗೆ ಸಂತೆಯ ಬಡಕಲು ಕುರಿ ರುಚಿಸಲಿಲ್ಲ. ಕಾಳು ತಿನ್ನಿಸಿ ಬೆಳೆಸಿದ 'ಗ್ರಾಂ ಫೆಡ್ ಮಟನ್' ಬೇಕಾಯಿತು. ನಮ್ಮ ದಕ್ಷಿಣದಲ್ಲಿ ಆ 'ಗ್ರಾಂ' ಎಂದರೆ ಹುರುಳಿಯೇ. ಹಿಂದೂಸ್ತಾನದ ದಂಡುಪ್ರದೇಶಗಳಲ್ಲಿ ನಾಲ್ಕಾರು ಮನೆಯವರು ಸೇರಿ 'ಮಟನ್ ಕ್ಲಬ್' ಮಾಡಿಕೊಂಡು, ಕುರಿಗಳನ್ನು ಒಟ್ಟಿಗೆ ಸಾಕಿಸಿ, ಸರದಿಯಂತೆ ಕಡಿಸಿ, ತೊಡೆ ಯಾರಿಗೆ ಮುಂಗಾಲು ಯಾರಿಗೆ ಎಂದು ಹಂಚಿಕೊಳ್ಳುತ್ತಿದ್ದರು. ನಮ್ಮ ಹಳ್ಳಿಗಳ 'ಗುಡ್ಡೆ ಬಾಡು' ಗೊತ್ತಿದ್ದವರಿಗೆ ಇದು ಹೊಸದಲ್ಲ. ಹತ್ತು ಮನೆ ಸೇರಿ ಒಂದು ಕುರಿ ಕೊಯ್ದು, ಮುತ್ತುಗದ ಎಲೆ ಹಾಸಿ, ಮೂಳೆ, ಮೆತ್ತನೆ ಬಾಡು, ಈಲಿ, ಬೋಟಿ ಎಲ್ಲವೂ ಪ್ರತಿ ಗುಡ್ಡೆಗೆ ಬರುವಂತೆ ಹಂಚುವುದು. ತಕ್ಕಡಿ ಬೇಕಾಗಿರಲಿಲ್ಲ.

ತಕ್ಕಡಿ ಬಂದದ್ದು ದಂಡಿನ ಪೇಟೆಯಿಂದ. ಸೇನೆಗೆ ದಿನವೂ ಮಾಂಸ ಬೇಕು, ಚರ್ಮವೂ ಬೇಕು. ಕಸಾಯಿ ಕೆಲಸ ಖುರೇಷಿ ಮನೆತನಗಳ ಪೂರ್ಣಾವಧಿ ಕಸುಬಾಗಿ ಬೆಳೆಯಿತು. ಟ್ಯಾನರಿ ರಸ್ತೆಯ ಹೆಸರೇ ಚರ್ಮ ಹದ ಮಾಡುವ ಕೆಲಸದಿಂದ ಬಂದದ್ದು. 1933ರಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ಹಾಜಿ ಇಸ್ಮಾಯಿಲ್ ಸೇಠರು ಉದ್ಘಾಟಿಸಿದರು. ಪಟ್ಟಣದವರಿಗೆ ಕುರಿ ಎಂದರೆ ಕೊಕ್ಕೆಗೆ ನೇತುಹಾಕಿದ್ದು ಎಂದಾಯಿತು. ಹಳ್ಳಿಯವರಿಗೆ ಹಾಗಾಗಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಹಳ್ಳಿಯಲ್ಲಿ ಕೊಯ್ಯುತ್ತಿದ್ದವರು ಯಾರು? ಇದು ಈ ಲೇಖನದ ಮುಖ್ಯ ಮಾತು. 1826ರಲ್ಲಿ ಅಚ್ಚಾದ ಗ್ರಾಂಟ್ ಡಫ್‌ನ ಮರಾಠರ ಇತಿಹಾಸದಲ್ಲಿ ಹಳ್ಳಿಯ ಹನ್ನೆರಡು ಬಲೂತೆದಾರರ ಪಟ್ಟಿ ಇದೆ. ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ಜೋಯಿಸರ ಸಾಲಿನಲ್ಲೇ ಮುಲಾನಾ, ಅಂದರೆ ಮುಲ್ಲಾ ಕೂಡ ಇದ್ದಾನೆ. ಮಸೀದಿ ದರ್ಗಾ ನೋಡಿಕೊಳ್ಳುವುದರ ಜೊತೆಗೆ ಹಳ್ಳಿಯ ಮರಾಠರ ಕುರಿ ಮೇಕೆಗಳನ್ನು ನಿಯ್ಯತ್ ಹೇಳಿ ಕೊಯ್ದುಕೊಡುವುದು ಅವನ ಕೆಲಸ. ಅದಕ್ಕೆ ಕೊಯ್ದ ಪ್ರಾಣಿಯಲ್ಲಿ ಒಂದು ಪಾಲು, ಸುಗ್ಗಿಯಲ್ಲಿ ಧಾನ್ಯ. ಮುಲ್ಲಾ ಕೊಯ್ಯದ ಬಾಡನ್ನು ತಿನ್ನದ ಹಿಂದೂ ಮನೆಗಳಿದ್ದವು. ಮರಾಠರ ಆಳ್ವಿಕೆ ಕಂಡ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಸೀಮೆಗಳಲ್ಲಿ 'ಮುಲ್ಲಾ', 'ಮುಲ್ಲಾನವರ' ಎಂಬ ಮನೆತನದ ಹೆಸರುಗಳು ಇಂದಿಗೂ ಇವೆ. ಹಳೇ ಮೈಸೂರಿನ ಹನ್ನೆರಡು ಆಯಗಾರರ ಪಟ್ಟಿಯಲ್ಲಿ ಮುಲ್ಲಾ ಇರಲಿಲ್ಲ. ಇಲ್ಲಿ ಹಕ್ಕಾಗಿ ಅಲ್ಲ, ವಾಡಿಕೆಯಾಗಿ ನಡೆಯಿತು. ಊರಿನಲ್ಲಿ ಮದುವೆಯ ಬೀಗರೂಟ ಇದ್ದರೆ, ಬರುವವರಲ್ಲಿ ಸಾಬರೂ ಇದ್ದಾರೆಂದು ಗೌಡರ ಮನೆಯಿಂದಲೇ ಹೇಳಿಕಳಿಸುತ್ತಿದ್ದರು.

ನಾವು ಮದರಸದಲ್ಲಿ ಜಬಹಿನ ಬಾಬನ್ನು ಅರಬಿಯಲ್ಲಿ ಓದಿ ಪರೀಕ್ಷೆ ಬರೆದವರು, ಚೂರಿ ಹಿಡಿದಿರಲಿಲ್ಲ. ಇಮಾಮರಾಗಿ ಹೋದ ಮೊದಲ ಹಳ್ಳಿಯಲ್ಲಿ ಒಬ್ಬ ಹಿರಿಯ ಗೌಡರು ಮಸೀದಿ ಬಾಗಿಲಿಗೆ ಬಂದು, "ಸಾಬ್ರೇ, ನಾಳೆ ಮಗಳ ಬೀಗರೂಟ, ಮೂರು ಮರಿ ಅವೆ, ಬೆಳಗ್ಗೇನೇ ಬಂದು ಮಾಡ್ಕೊಡಿ" ಎಂದರು. ಊರಿನ ಒಬ್ಬ ವೃದ್ಧ ಮುಸಲ್ಲಿ ಪಕ್ಕದಲ್ಲಿ ಕೂತು ನಮ್ಮ ಕೈ ಹಿಡಿದು ತೋರಿಸಿದರು. ಚೂರಿಯನ್ನು ಎರಡು ಬಾರಿ ಎಳೆಯಬೇಕಾಯಿತು. ವೃದ್ಧರು ಏನೂ ಅನ್ನಲಿಲ್ಲ, ಮುಂದಿನ ಮರಿಗೆ ಮುಂಚೆ ಚೂರಿಯನ್ನು ತಾವೇ ಇಸಿದುಕೊಂಡು ಕಲ್ಲಿಗೆ ಮಸೆದರು, ಕುರಿಗೆ ಕಾಣದಂತೆ ಗೋಡೆಯ ಹಿಂದೆ ಹೋಗಿ. ಪ್ರಾಣಿಯ ಎದುರಿಗೆ ಚೂರಿ ಮಸೆಯುತ್ತಿದ್ದವನನ್ನು ಪ್ರವಾದಿ(ಸ), ಅದನ್ನು ಎರಡು ಸಲ ಸಾಯಿಸುತ್ತೀಯಾ ಎಂದು ಗದರಿದ ಹದೀಸು ನಮಗೆ ಬಾಯಿಪಾಠವಿತ್ತು. ಅಕ್ಷರ ಬಾರದ ಆ ವೃದ್ಧರಿಗೆ ಕೈಪಾಠವಿತ್ತು.

ಇಲ್ಲಿ ಒಂದು ಸೂಕ್ಷ್ಮವೂ ಇದೆ, ಮುಚ್ಚಿಡಬಾರದು. ಅಲ್ಲಾಹನ ಹೊರತು ಬೇರೆಯವರಿಗೆ ಹರಕೆಯಾಗಿ ಅರ್ಪಿಸಿದ್ದು ನಮಗೆ ಹಲಾಲ್ ಅಲ್ಲ. ಕೊಯ್ದ ಕೈ ಮುಸ್ಲಿಮನದು ಎಂದಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಊಟಕ್ಕೆ ಕೊಯ್ಯುವುದು ಬೇರೆ, ದೇವರ ಮುಂದೆ ಬಲಿ ಕೊಡುವುದು ಬೇರೆ. ಹಿಂದಿನ ಕೆಲವು ಮುಲ್ಲಾಗಳು ಈ ಗೆರೆಯನ್ನು ಅಲ್ಲಲ್ಲಿ ಮರೆತದ್ದುಂಟು. ಆದರೆ ಆ ಮರೆವನ್ನು ಹಿಡಿದು, ಊರ ಊಟಕ್ಕೆ ಬಿಸ್ಮಿಲ್ಲಾ ಹೇಳಿ ಕೊಯ್ದುಕೊಟ್ಟ ಇಡೀ ಪರಂಪರೆಯನ್ನೇ ಬಿದ್‌ಅತ್ ಎಂದು ತಳ್ಳಿಹಾಕುವವರ ಜೊತೆ ನಾವಿಲ್ಲ.

2022ರ ಯುಗಾದಿಯನ್ನು ನೆನೆಯಿರಿ. ಹಬ್ಬದ ಮರುದಿನದ ಹೊಸತೊಡಕಿಗೆ ಹಲಾಲ್ ಮಾಂಸ ಕೊಳ್ಳಬೇಡಿ ಎಂಬ ಪ್ರಚಾರ ರಾಜ್ಯದಲ್ಲೆಲ್ಲ ನಡೆಯಿತು. ಹಲಾಲ್ ಎಂಬುದು ಹೊರಗಿನಿಂದ ತಂದು ಹೇರಿದ ವ್ಯಾಪಾರದ ಮುದ್ರೆ ಎಂಬಂತೆ ಮಾತುಗಳಾದವು. ಟಿವಿಯಲ್ಲಿ ಉತ್ತರ ಕೊಟ್ಟ ನಮ್ಮವರಲ್ಲಿ ಹೆಚ್ಚಿನವರು ಸಂವಿಧಾನದ ಕಲಮು ಹೇಳಿದರು. ಅದೂ ಸರಿಯೇ. ಆದರೆ ಮುಲ್ಲಾನ ಚೂರಿ ಈ ನಾಡಿನ ಹಳ್ಳಿಯ ಲೆಕ್ಕದಲ್ಲಿ ಕುಂಬಾರನ ತಿಗರಿಯ ಪಕ್ಕದಲ್ಲೇ ಇತ್ತೆಂದು ಹೇಳಲು ಒಬ್ಬರಿಗೂ ನೆನಪಿರಲಿಲ್ಲ. ನಮ್ಮದೇ ಚರಿತ್ರೆ ನಮಗೆ ಗೊತ್ತಿಲ್ಲದಿದ್ದಾಗ ಇನ್ನೊಬ್ಬರು ಬರೆದುಕೊಡುತ್ತಾರೆ.

ಕಾನೂನು ಬದಲಾದದ್ದೂ ಮನೆಯ ಹಿತ್ತಲನ್ನು ತಟ್ಟಿದೆ. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ಮೀರಿದ ಎತ್ತು, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. ಬಡ ಕುಟುಂಬಗಳು ಏಳು ಜನ ಸೇರಿ ಒಂದು ಪಾಲು ಹಿಡಿಯುತ್ತಿದ್ದವು. 2021ರ ಜನವರಿಯಿಂದ ಜಾರಿಗೆ ಬಂದ ಹೊಸ ಕಟ್ಟಳೆಯಲ್ಲಿ ಉಳಿದದ್ದು 13 ವರ್ಷ ದಾಟಿದ ಎಮ್ಮೆ ಕೋಣ ಮಾತ್ರ. ಕಾನೂನನ್ನು ಪಾಲಿಸಬೇಕು, ಇದರಲ್ಲಿ ಎರಡು ಮಾತಿಲ್ಲ. ಹಾಗಾದರೆ ಏಳನೇ ಒಂದು ಪಾಲು ಹಿಡಿಯುತ್ತಿದ್ದ ಆಟೋ ಚಾಲಕ ಈಗ ಇಡೀ ಕುರಿ ಕೊಳ್ಳಬೇಕು, ಅದೂ ಹಬ್ಬದ ವಾರದ ಬೆಲೆಗೆ. ಐದಾರು ತಿಂಗಳು ಮೊದಲೇ ಸಣ್ಣ ಮರಿ ತಂದು ಸಾಕಿದರೆ ಅವನಿಗೆ ಅರ್ಧ ಹೊರೆ ಇಳಿಯುತ್ತದೆ. ಹಳೆಯ ಗೂಟ ಮತ್ತೆ ಬೇಕಾಗಿರುವುದು ಹೆಮ್ಮೆಗಲ್ಲ, ಈ ಲೆಕ್ಕಕ್ಕೆ.

ಜಾಗ ಇದ್ದವರು ಮಾಡಬಹುದು. ತಂದ ಮರಿಯನ್ನು ಎರಡು ವಾರ ಬೇರೆ ಕಟ್ಟಿ. ಪಶು ಆಸ್ಪತ್ರೆಯಲ್ಲಿ ಪಿಪಿಆರ್ ಲಸಿಕೆ, ಕರುಳುಬೇನೆ ಲಸಿಕೆ, ಜಂತಿನ ಔಷಧಿ ಕೇಳಿ. ಒಮ್ಮೆಗೇ ಕಾಳು ಸುರಿಯಬೇಡಿ. ಹೊಟ್ಟೆ ಉಬ್ಬರಿಸಿ ಹಬ್ಬಕ್ಕೆ ಮುಂಚೆಯೇ ಸತ್ತ ಟಗರುಗಳನ್ನು ನಾವು ನೋಡಿದ್ದೇವೆ, ಎಲ್ಲವೂ ಪ್ರೀತಿಯಿಂದ ಸತ್ತವೇ. ಮೇಕೆಗೆ ಒಂದು ವರ್ಷ ತುಂಬಿರಬೇಕು. ಕುರಿಗೂ ವರ್ಷವೇ, ಆದರೆ ಆರು ತಿಂಗಳು ದಾಟಿ ವರ್ಷದ್ದರಂತೆ ಮೈತುಂಬಿದ್ದರೆ ಸಾಕು. ಕೊಯ್ಯುವ ಜಾಗದ ವಿಷಯದಲ್ಲಿ ಸ್ಥಳೀಯ ಸಂಸ್ಥೆ ಆ ವರ್ಷ ಕೊಟ್ಟ ಸೂಚನೆಯನ್ನು ಮೀರಬೇಡಿ. ರಸ್ತೆ, ಚರಂಡಿಗೆ ರಕ್ತ ಹರಿಸುವುದು ಯಾವ ಸುನ್ನತ್ತೂ ಅಲ್ಲ.

ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಎಡಮಗ್ಗುಲಿಗೆ ಮಲಗಿಸಿ ಕಿಬ್ಲಾದ ಕಡೆ ಮುಖ ಮಾಡಿ, ಅಲ್ಲಾಹನ ಹೆಸರು ಹೇಳಿ, ಶ್ವಾಸನಾಳ, ಅನ್ನನಾಳ, ಎರಡು ರಕ್ತನಾಳಗಳು ತುಂಡಾಗುವಂತೆ ಕೊಯ್ಯಬೇಕು. ತಲೆ ಬೇರೆ ಮಾಡಬಾರದು, ಪೂರ್ತಿ ತಣ್ಣಗಾಗುವ ತನಕ ಚರ್ಮಕ್ಕೆ ಕೈ ಹಾಕಬಾರದು. ಅವಸರದ ಕಸಾಯಿ ಮುಂದಿನ ಮನೆಗೆ ಓಡಬೇಕೆಂದು ಇನ್ನೂ ಒದ್ದಾಡುವ ಪ್ರಾಣಿಯ ಕಾಲು ಸುಲಿಯುವುದನ್ನು ತಡೆಯುವುದು ಮನೆಯೊಡೆಯನ ಹೊಣೆ. ಪಿತ್ತದ ಚೀಲ ಒಡೆಯದಂತೆ ಈಲಿಯಿಂದ ಬಿಡಿಸುವುದು, ಬೋಟಿ ತಿರುವಿ ಸುಣ್ಣದ ನೀರಿನಲ್ಲಿ ತೊಳೆಯುವುದು, ತಲೆಕಾಲು ಸುಡುವುದು, ಉಳಿದದ್ದಕ್ಕೆ ಉಪ್ಪು ಅರಿಶಿನ ಹಚ್ಚಿ ದಾರಕ್ಕೆ ಪೋಣಿಸಿ ಒಣಗಿಸುವುದು, ಇವೆಲ್ಲ ನಮ್ಮ ಅಜ್ಜಿಯರಿಗೆ ಬರುತ್ತಿದ್ದ ವಿದ್ಯೆ. ಫ್ರಿಜ್ ಬಂದಮೇಲೆ ಆ ದಾರ ಹೋಯಿತು. ಅದರ ಜೊತೆ, ಹಂಚಿ ಮುಗಿಸಬೇಕೆಂಬ ಅವಸರವೂ ಹೋಯಿತು.

"ಹೆಂಗಸರು ಕೊಯ್ದರೆ ಆಗುತ್ತದೆಯೇ?" ಎಂದು ಪ್ರತಿ ವರ್ಷ ಕೇಳುತ್ತಾರೆ. ಆಗುತ್ತದೆ. ಕಅಬ್ ಬಿನ್ ಮಾಲಿಕ್(ರ)ರ ಕುರಿ ಕಾಯುತ್ತಿದ್ದ ದಾಸಿಯೊಬ್ಬಳು ಸಾಯುತ್ತಿದ್ದ ಕುರಿಯನ್ನು ಚೂಪಾದ ಕಲ್ಲಿನಿಂದ ಕೊಯ್ದಾಗ, ಅದನ್ನು ತಿನ್ನಲು ಪ್ರವಾದಿ(ಸ) ಒಪ್ಪಿಗೆ ಕೊಟ್ಟರು. ತಮ್ಮ ಕುರ್ಬಾನಿಗೆ ಚೂರಿ ತರಲು, ಕಲ್ಲಿಗೆ ಮಸೆಯಲು ಅವರು ಹೇಳಿದ್ದೂ ಆಯಿಷಾ(ರ) ಅವರಿಗೆ.

ಇನ್ನು ಚರ್ಮ. ಹಜ್ಜತುಲ್ ವಿದಾದಲ್ಲಿ ಪ್ರವಾದಿ(ಸ) 63 ಒಂಟೆಗಳನ್ನು ಸ್ವತಃ ಕೊಯ್ದು, ನೂರರಲ್ಲಿ ಉಳಿದದ್ದನ್ನು ಅಲಿ(ರ) ಅವರಿಗೆ ವಹಿಸಿದರು. ಮಾಂಸ, ಚರ್ಮ ಎಲ್ಲವನ್ನೂ ದಾನ ಮಾಡಿ, ಕಸಾಯಿಯ ಕೂಲಿಯನ್ನು ಅದರಿಂದ ಕೊಡಬೇಡಿ ಎಂದೂ ಆಜ್ಞಾಪಿಸಿದರು. ಆ ಹದೀಸಿನ ಆಧಾರದ ಮೇಲೆ ನಮ್ಮ ಮದರಸಗಳು ಎಷ್ಟೋ ವರ್ಷ ನಡೆದವು. ಕುರ್ಬಾನಿ ಚರ್ಮದ ಹಣದಲ್ಲಿ ಅನಾಥ ಮಕ್ಕಳ ಊಟ ಸಾಗಿತು. ಈಗ ಕೆಲವು ವರ್ಷಗಳಿಂದ ಕುರಿ ಚರ್ಮಕ್ಕೆ ಬೆಲೆಯೇ ಇಲ್ಲ, ಗಾಡಿ ಬಾಡಿಗೆಯೂ ಹುಟ್ಟುವುದಿಲ್ಲ ಎಂದು ಕೊಳ್ಳುವವರು ಬರುವುದಿಲ್ಲ. ಕಳೆದ ಬಕ್ರೀದಿನ ಮೂರನೇ ದಿನ ನಮ್ಮ ಮಸೀದಿಯ ಹಿಂದೆ ರಾಶಿ ಬಿದ್ದ ಚರ್ಮಗಳು ನಾರುತ್ತಿದ್ದವು. ಕೊನೆಗೆ ಹಳ್ಳ ತೋಡಿ ಹೂಳಿದೆವು. ಅದೇ ದಿನ ಪಕ್ಕದ ಹಳ್ಳಿಯ ಒಬ್ಬ ವೃದ್ಧೆ, ತಾವೇ ಸಾಕಿದ ಟಗರಿನ ಚರ್ಮವನ್ನು ಆಟೋದಲ್ಲಿ ತಂದರು. ಮಾಂಸದ ಬದಿಗೆ ಕಲ್ಲುಪ್ಪು ಉಜ್ಜಿ, ಒಳಮುಖವಾಗಿ ಮಡಿಸಿ, ಗೋಣಿಚೀಲದಲ್ಲಿ ಸುತ್ತಿದ್ದರು. ಚೂರಿಯ ಒಂದು ಗಾಯವೂ ಅದರ ಮೇಲಿರಲಿಲ್ಲ. "ಮುಷ್ಟಿಯಲ್ಲಿ ಬಿಡಿಸಿದ್ದು ಹಜ್ರತ್, ಚೂರಿ ಹಾಕಿಸಲಿಲ್ಲ" ಎಂದರು. ಅದನ್ನು ಹೂಳಲು ಮನಸ್ಸು ಬರಲಿಲ್ಲ. ಹದ ಮಾಡಿಸಿ ತಂದಿದ್ದೇವೆ. ಖುತ್ಬಾದ ದಿನ ಮಿಂಬರಿನ ಪಕ್ಕದಲ್ಲಿ ನಾವು ಕೂರುವುದು ಅದರ ಮೇಲೆ. ಈ ವರ್ಷ ಮಸೀದಿಯ ಅಂಗಳದಲ್ಲಿ ಎರಡು ಚೀಲ ಕಲ್ಲುಪ್ಪು ತರಿಸಿಡುತ್ತೇವೆ. ಚರ್ಮ ತರುವವರು ಕೊಯ್ದ ದಿನವೇ, ಮಧ್ಯಾಹ್ನದೊಳಗೆ ತನ್ನಿ.